ಹೊಣೆ ಹೊರುವುದು, ಗೂಬೆ ಕೂರಿಸುವುದು

1962ರ ಯುದ್ಧವನ್ನು ನಾವು ಚೀನಾದ ಆಕ್ರಮಣ ಎನ್ನುತ್ತೇವೆ. ಚೀನಾದ ಸರ್ಕಾರಿ ಚರಿತ್ರೆಯಲ್ಲಿ ಅದೇ ಯುದ್ಧದ ಹೆಸರು ಭಾರತದ ವಿರುದ್ಧದ 'ಆತ್ಮರಕ್ಷಣೆಯ ಪ್ರತಿದಾಳಿ'. ಇಂಥ ಜೋಡಿ ಹೆಸರುಗಳು ಅನುವಾದಕರಿಗೆ ಹೊಸತಲ್ಲ. 'ಪ್ರತಿದಾಳಿ' ಎಂದೊಡನೆ ಮೊದಲು ಕೈಯೆತ್ತಿದವರು ಇನ್ನೊಬ್ಬರು ಎಂದು ಹೇಳಿಯಾಯಿತು. ಪುರಾವೆ ಕೊಡುವ ಗೋಜೇ ಇಲ್ಲ.

ಆ ವರ್ಷ ಅಕ್ಟೋಬರ್ 20ರಂದು ಲಡಾಖಿನಲ್ಲೂ ಇಂದಿನ ಅರುಣಾಚಲದಲ್ಲೂ ಭಾರೀ ಪ್ರಮಾಣದಲ್ಲಿ ನುಗ್ಗಿದ್ದು ಚೀನಾದ ಸೇನೆ. ಅದರ ಹೊಣೆ ಚೀನಾದ್ದೇ. ಆದರೆ ಬೆಟ್ಟದ ಚಳಿಗೆ ತಕ್ಕ ಬಟ್ಟೆಯೂ ಇಲ್ಲದ ನಮ್ಮ ಸೈನಿಕರನ್ನು ಮುಂಚೂಣಿಗೆ ಕಳಿಸಿದವರು ಯಾರು, ಒಂದೇ ತಿಂಗಳಲ್ಲಿ ನಾವು ಅಷ್ಟೊಂದು ಸೋತದ್ದು ಏಕೆ ಎನ್ನುವುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದು ಎರಡನೆಯದನ್ನು ಕೈಬಿಡಲಾಗದು.

ಆ ಎರಡನೆಯ ಪ್ರಶ್ನೆಯನ್ನು ಸೇನೆಯೇ ಕೇಳಿಕೊಂಡಿತ್ತು. ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ.ಎಸ್. ಭಗತ್ 1963ರಲ್ಲಿ ವರದಿ ಒಪ್ಪಿಸಿದರು. ಸರ್ಕಾರ ಅದನ್ನು ಇವತ್ತಿಗೂ ಪ್ರಕಟಿಸಿಲ್ಲ. ಅದು ಈಗಲೂ ಸೂಕ್ಷ್ಮವಾದದ್ದು ಎಂದು 2010ರಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಹೇಳಿದರು. 2014ರ ಮಾರ್ಚ್‌ನಲ್ಲಿ ವಿರೋಧ ಪಕ್ಷದಲ್ಲಿದ್ದ ಅರುಣ್ ಜೇಟ್ಲಿ ವರದಿ ಹೊರಬರಬೇಕೆಂದು ಬರೆದರು. ಅದೇ ಜುಲೈನಲ್ಲಿ ರಕ್ಷಣಾ ಸಚಿವರಾಗಿದ್ದ ಅವರೇ, ಪ್ರಕಟಿಸುವುದು ರಾಷ್ಟ್ರಹಿತವಲ್ಲ ಎಂದು ಉತ್ತರಿಸಿದರು. ಈ ಬೀಗದ ಕೈ ಯಾವ ಪಕ್ಷದ ಸ್ವತ್ತೂ ಅಲ್ಲ, ಕುರ್ಚಿಯ ಜೊತೆಗೇ ಬರುತ್ತದೆ.

ವಿಚಿತ್ರವೆಂದರೆ, 1962ರ ನವೆಂಬರ್‌ನಲ್ಲಿ ಗಡಿಯಲ್ಲಿ ಗುಂಡು ಹಾರುತ್ತಿದ್ದಾಗಲೇ ಲೋಕಸಭೆ ಸೇರಿ, ಬಹಿರಂಗವಾಗಿಯೇ ನೆಹರೂ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತ್ತು. ಯುದ್ಧದ ನಡುವೆ ತಡೆದುಕೊಂಡ ಬೆಳಕನ್ನು ಅರುವತ್ತು ವರ್ಷಗಳ ನಂತರ ತಡೆದುಕೊಳ್ಳಲಾರೆವೇ?

ಮುಚ್ಚಿಟ್ಟದ್ದರಿಂದ ದೇಶದ ಮಾನವಾದರೂ ಉಳಿಯಿತೇ ಎಂದರೆ, ಅದೂ ಇಲ್ಲ. ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ದೆಹಲಿಯಿಂದ ವರದಿ ಮಾಡುತ್ತಿದ್ದ ನೆವಿಲ್ ಮ್ಯಾಕ್ಸ್‌ವೆಲ್ ಆ ರಹಸ್ಯ ವರದಿಯನ್ನು ಓದಿ, 1970ರಲ್ಲಿ 'ಇಂಡಿಯಾಸ್ ಚೈನಾ ವಾರ್' ಎಂಬ ಪುಸ್ತಕ ತಂದರು. ಯುದ್ಧಕ್ಕೆ ಮುಖ್ಯ ಕಾರಣ ಭಾರತವೇ ಎಂಬುದು ಅದರ ವಾದ. ಅದನ್ನು ಒಪ್ಪದ ಇತಿಹಾಸಕಾರರು ಬೇಕಾದಷ್ಟಿದ್ದಾರೆ. ಆದರೆ ದಾಖಲೆ ನೋಡಿದವರು ಅವರು, ನೋಡಲಾಗದವರು ನಾವು. ಹೀಗಿರುವಾಗ ಎದುರುವಾದ ಹೂಡುವುದಾದರೂ ಯಾವ ಬಲದ ಮೇಲೆ?

ಕನ್ನಡದಲ್ಲಿ ಹೊಣೆ ಹೊರುವುದಕ್ಕೂ ಗೂಬೆ ಕೂರಿಸುವುದಕ್ಕೂ ಬೇರೆ ಬೇರೆ ಮಾತುಗಳಿರುವುದು ಸುಮ್ಮನೆ ಅಲ್ಲ. ಹೊಣೆಯನ್ನು ತಾನೇ ಹೊರಬೇಕು. ಗೂಬೆಯನ್ನಾದರೆ ಕೈಗೆ ಸಿಕ್ಕವರ ಹೆಗಲ ಮೇಲೆ ಕೂರಿಸಬಹುದು. 1962ರಲ್ಲಿ ಕೈಗೆ ಸಿಕ್ಕವರು ಅಸ್ಸಾಮಿನ ಮಾಕುಮ್, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯ ಚೀನೀ ಮೂಲದ ಕುಟುಂಬಗಳು. ಸುಮಾರು 3,000 ಜನರನ್ನು ವಿಚಾರಣೆಯಿಲ್ಲದೆ ರಾಜಸ್ಥಾನದ ದೇವಳಿ ಶಿಬಿರಕ್ಕೆ ರೈಲಿನಲ್ಲಿ ಸಾಗಿಸಿದರು. ಅವರಲ್ಲಿ ಎಷ್ಟೋ ಜನ ಇಲ್ಲೇ ಹುಟ್ಟಿ ಬೆಳೆದವರು. ಕೆಲವರನ್ನು ವರ್ಷಗಟ್ಟಲೆ ಕೂಡಿಟ್ಟರು, ಕೆಲವರನ್ನು ಚೀನಾಕ್ಕೆ ಕಳಿಸಿಬಿಟ್ಟರು. ಸೋಲಿಗೆ ಕಾರಣರಾದ ದೊಡ್ಡವರ ಹೆಸರು ಕಡತದೊಳಗೆ ಭದ್ರವಾಗಿತ್ತು. ಯಾವ ತಪ್ಪೂ ಮಾಡದವರು ಮುಳ್ಳುತಂತಿಯೊಳಗಿದ್ದರು. ಅವರ ಕತೆ ಬಹಳ ಓದುಗರಿಗೆ ತಲುಪಿದ್ದು ಸರ್ಕಾರಿ ದಾಖಲೆಯಿಂದಲ್ಲ, ರೀತಾ ಚೌಧುರಿಯವರ ಅಸ್ಸಾಮಿ ಕಾದಂಬರಿ 'ಮಾಕಾಮ್'ನಿಂದ.

ಗಡಿ ತಂಟೆ ಇನ್ನೂ ಮುಗಿದಿಲ್ಲ, ಗುಟ್ಟು ಬಿಟ್ಟುಕೊಡಬಾರದು ಎನ್ನುವವರ ಆತಂಕ ಸುಳ್ಳಲ್ಲ. ನಾಳೆ ಯಾವ ತುಕಡಿ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಬಾರದು, ಹೇಳಲೂಬಾರದು. ಆದರೆ ಅಂದು ನಮ್ಮ ಸೈನಿಕರು ಎಲ್ಲಿದ್ದರು, ಹೇಗಿದ್ದರು ಎನ್ನುವುದು ಎದುರಿಗೆ ನಿಂತಿದ್ದ ಚೀನೀಯರಿಗೆ ಅಂದೇ ಗೊತ್ತಿತ್ತು. 2014ರಲ್ಲಿ ಮ್ಯಾಕ್ಸ್‌ವೆಲ್ ವರದಿಯ ಒಂದು ಭಾಗವನ್ನು ಅಂತರ್ಜಾಲಕ್ಕೇ ಹಾಕಿದರು. ಈಗ ಈ ಗುಟ್ಟು ಉಳಿದಿರುವುದು ಶತ್ರುವಿನಿಂದಲ್ಲ, ಆ ಸೈನಿಕರ ಮಕ್ಕಳು ಮೊಮ್ಮಕ್ಕಳಿಂದ.

ನಮ್ಮ ತಪ್ಪು ಒಪ್ಪಿಕೊಂಡರೆ ಚೀನಾದ ತಪ್ಪು ತೇಲಿಹೋಗುತ್ತದೆ ಎಂಬ ಭಯ ಬೇಡ. ತನ್ನ ಲೆಕ್ಕ ತೆರೆದಿಟ್ಟವನಿಗೆ ಮಾತ್ರ ಇನ್ನೊಬ್ಬರ ಲೆಕ್ಕ ಕೇಳುವ ಬಾಯಿರುತ್ತದೆ. ವರದಿಯನ್ನು ಪೂರ್ತಿಯಾಗಿ ಪ್ರಕಟಿಸಲಿ. ದೇವಳಿಯಲ್ಲಿದ್ದವರು ಇನ್ನೂ ಕೆಲವರಾದರೂ ಬದುಕಿರುವಾಗಲೇ ಸರ್ಕಾರ ಅವರ ಕ್ಷಮೆ ಕೇಳಲಿ.