ಹಳೆಯ ಹಾಡೂ ಒಮ್ಮೆ ಹೊಸದಾಗಿತ್ತು

ಮಕ್ಕಳೇ, ನಮ್ಮ ಮೋಕದಲ್ಲಿ ಸಂಜೆ ಕಟ್ಟೆಯ ಮೇಲೆ ಕೂಡುವ ನನ್ನ ವಯಸ್ಸಿನವರದು ಒಂದೇ ಬೇಡಿಕೆ: “ರೇಡಿಯೊದಾಗ ದಿನಪೂರ್ತಿ ಹಳೇ ಹಾಡೇ ಹಾಕಬೇಕು ನೋಡ್ರಿ. ಈಗಿನವೂ ಹಾಡೇನ್ರಿ?” ಇದನ್ನು ಕೇಳಿ ಮೊಮ್ಮಕ್ಕಳು ಮುಖ ಸಿಂಡರಿಸುತ್ತಾರೆ. ಇಬ್ಬರಿಗೂ ಇವತ್ತು ಒಂದು ಹಳೆಯ ಲೆಕ್ಕ ತೆಗೆದು ತೋರಿಸುತ್ತೇನೆ.

1952ರಲ್ಲಿ ಬಿ.ವಿ. ಕೇಸ್ಕರ್ ಅವರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಅವರಿಗೆ ಶಾಸ್ತ್ರೀಯ ಸಂಗೀತವೆಂದರೆ ಪ್ರಾಣ. ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತದೆ ಎಂಬುದು ಅವರ ಅಭಿಪ್ರಾಯ. ಆಕಾಶವಾಣಿಯಲ್ಲಿ ಅಂಥ ಹಾಡುಗಳಿಗಿದ್ದ ಸಮಯ ಕಡಿತವಾಯಿತು. ಹಾಡಿನ ಜೊತೆ ಸಿನಿಮಾದ ಹೆಸರು ಹೇಳಿದರೆ ಪುಕ್ಕಟೆ ಜಾಹೀರಾತಾಗುತ್ತದೆ ಎಂದು ಅದೂ ನಿಂತಿತು. ನಿರ್ಮಾಪಕರು ಸಿಟ್ಟಾಗಿ, ಹಾಡು ಹಾಕಲು ಕೊಟ್ಟಿದ್ದ ಅನುಮತಿಯನ್ನೇ ಹಿಂದಕ್ಕೆ ಪಡೆದರು.

ಕೇಳುಗರು ಸುಮ್ಮನೆ ಕೂತರೇ? ರೇಡಿಯೊದ ಮುಳ್ಳು ತಿರುಗಿಸಿ ಸಿಲೋನ್ ಹಿಡಿದರು! ಸಿಲೋನ್ ಎಂದರೆ ಇಂದಿನ ಶ್ರೀಲಂಕಾ. ಶಾರ್ಟ್‌ವೇವ್ ಅಲೆಗಳು ಆಕಾಶದಲ್ಲಿ ಬಲು ಎತ್ತರದ ವಿದ್ಯುತ್ ಕಣಗಳ ಪದರಕ್ಕೆ ತಾಗಿ ಮತ್ತೆ ನೆಲಕ್ಕೆ ಬಾಗುತ್ತವೆ. ಹಾಗಾಗಿ ಅಷ್ಟು ದೂರದ ಹಾಡು ಸಮುದ್ರ ದಾಟಿ ನಮ್ಮ ಊರುಗಳಿಗೂ ಬರುತ್ತಿತ್ತು; ದನಿ ಒಮ್ಮೆ ಏರುವುದು, ಒಮ್ಮೆ ಇಳಿಯುವುದು. 1952ರಲ್ಲೇ ಅಲ್ಲಿ ಶುರುವಾದ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ಕ್ಕೆ ದೇಶವೇ ಕಿವಿಗೊಟ್ಟಿತು.

ಠೇವಣಿದಾರರೆಲ್ಲ ಎದುರಿನ ಬ್ಯಾಂಕಿಗೆ ಹೋದ ಮೇಲೆ ಮ್ಯಾನೇಜರು ಎಚ್ಚೆತ್ತ ಹಾಗಾಯಿತು. 1957ರ ಅಕ್ಟೋಬರ್ 3ರಂದು ಆಕಾಶವಾಣಿ ‘ವಿವಿಧ ಭಾರತಿ’ ಆರಂಭಿಸಿ, ಸಿನಿಮಾ ಹಾಡುಗಳನ್ನು ಮರಳಿ ಕರೆಯಿತು. ಆಗಲೂ ಸಚಿವರು ಕೇಸ್ಕರ್ ಅವರೇ!

ಈಗ ಲೆಕ್ಕ ತಾಳೆ ಹಾಕೋಣ. ಅಂದು ರೇಡಿಯೊಕ್ಕೆ ತಕ್ಕದ್ದಲ್ಲ ಎನಿಸಿಕೊಂಡ ಹಾಡುಗಳೇ ಇಂದು ಹಿರಿಯರ ಕಣ್ಣು ಒದ್ದೆ ಮಾಡುವ ‘ಹಳೆಯ ಮಧುರ ಗೀತೆ’ಗಳು. ನಮ್ಮ ಕನ್ನಡದಲ್ಲೇ ನೋಡಿ. ರಾಜ್‌ಕುಮಾರ್ ಅವರ ಪಾತ್ರಗಳಿಗೆ ಪಿ.ಬಿ. ಶ್ರೀನಿವಾಸ್ ಅವರ ದನಿ ಕೇಳಿಯೇ ನಮಗೆ ರೂಢಿ. 1974ರಲ್ಲಿ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ತಾವೇ ಹಾಡಿದಾಗ ಅದು ಹೊಸ ದನಿ. ಆ ಹಾಡಿಗೆ ಈಗ ಐವತ್ತು ದಾಟಿದೆ. ಇವತ್ತು ನೀವು ಗುನುಗುವ ಹಾಡಿಗೂ ಒಂದು ದಿನ ಐವತ್ತು ತುಂಬುತ್ತದೆ. ಆಗ ಅದಕ್ಕಾಗಿ ಕಟ್ಟೆಯ ಮೇಲೆ ವಾದ ಮಾಡುವವರು ನೀವೇ.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ: ದಿನಪೂರ್ತಿ ಬೇಡ, ರೇಡಿಯೊ ಅರ್ಧ ಗಂಟೆ ನಿಮ್ಮದಾಗಲಿ, ಅರ್ಧ ಗಂಟೆ ಮಕ್ಕಳದಾಗಲಿ. ಮಕ್ಕಳಿಗೆ ಈ ವಾರದ ಕೆಲಸ: ತಾತನ ಪಕ್ಕ ಕೂತು ಅವರಿಷ್ಟದ ಹಾಡೊಂದನ್ನು ಪೂರ್ತಿ ಕೇಳಿ. ಆಮೇಲೆ ಮೆಲ್ಲಗೆ ಕೇಳಿ: “ತಾತ, ಈ ಹಾಡು ಹೊಸದಾಗಿದ್ದಾಗ ನಿಮ್ಮ ಅಪ್ಪ ಏನಂತಿದ್ರು?”