ಕೀಲೆಣ್ಣೆಯನ್ನು ಬದಲಿಸುವುದು ಯಾವಾಗ?

ತೇರಗಾಂವದ ಗೃಹಸ್ಥರೊಬ್ಬರ ಕಾರಿನ ಮುಂಗಾಜಿನ ಮೂಲೆಯಲ್ಲಿ ಒಂದು ಚೀಟಿ ಅಂಟಿಕೊಂಡಿದೆ. ಹೊಸ ಎಣ್ಣೆ ಹಾಕಿದ ದಿನ ಮೀಟರಿನಲ್ಲಿದ್ದ ಸಂಖ್ಯೆ ಒಂದು, ಅದಕ್ಕೆ 5,000 ಕಿಲೋಮೀಟರು ಕೂಡಿಸಿ ಬರೆದ ಸಂಖ್ಯೆ ಇನ್ನೊಂದು. ಚೀಟಿ ಅಂಟಿಸಿದ ಮೇಲೆ ಎರಡು ಮಳೆಗಾಲಗಳು ಕಳೆದುವು. ಎರಡನೆಯ ಸಂಖ್ಯೆ ಇನ್ನೂ ಬಂದಿಲ್ಲ. ಅವರ ಓಡಾಟವೆಲ್ಲ ಹಳಿಯಾಳದ ಪೇಟೆಗೆ, ಹೊಲಕ್ಕೆ, ನೆಂಟರ ಮನೆಗೆ. ವರ್ಷಕ್ಕೆ 2,500 ಕಿಲೋಮೀಟರು ಆದರೆ ಹೆಚ್ಚು. ಅದೇ ಊರಿನ ಮತ್ತೊಬ್ಬರು ಉದ್ಯೋಗದ ನಿಮಿತ್ತ ದಿನವೂ ಧಾರವಾಡಕ್ಕೆ ಹೋಗಿಬರುವವರು. ಅವರ ಕಾರು ತಿಂಗಳಿಗೆ ಸುಮಾರು 2,000 ಕಿಲೋಮೀಟರು ಓಡುತ್ತದೆ. ಅವರದೂ ಅದೇ ಅಂಗಡಿ, ಅದೇ ಚೀಟಿ, ಅದೇ 5,000. ಆದುದರಿಂದ ಎರಡೂವರೆ ತಿಂಗಳಿಗೊಮ್ಮೆ ಎಣ್ಣೆ ಬಸಿದು ಹೊಸದನ್ನು ತುಂಬಿಸುತ್ತಾರೆ. ಇಬ್ಬರೂ ನಿಯಮನಿಷ್ಠರು. ಆದರೆ ಮೊದಲನೆಯವರು ತೀರ ತಡಮಾಡುತ್ತಿದ್ದಾರೆ, ಎರಡನೆಯವರು ತೀರ ಅವಸರ ಮಾಡುತ್ತಿದ್ದಾರೆ ಎಂಬುದು ನಮ್ಮ ಅಭಿಪ್ರಾಯ. ಹೇಗೆಂಬುದನ್ನು ವಿಚಾರಮಾಡಿ ನೋಡೋಣ.

ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುವುದನ್ನು ಕಂಡವರಿಗೆ ಕೀಲೆಣ್ಣೆಯ ಮೊದಲ ಕೆಲಸವೇನೆಂದು ಹೇಳಬೇಕಾದುದಿಲ್ಲ. ಎರಡು ಗಟ್ಟಿ ಮೈಗಳ ನಡುವೆ ತೆಳುವಾದ ಪೊರೆಯಾಗಿ ನಿಂತು ಅವು ಒಂದನ್ನೊಂದು ತೇಯದಂತೆ ಅದು ತಡೆಯುತ್ತದೆ. ಆದರೆ ಗಾಡಿಯ ಅಚ್ಚಿಗೂ ಮೋಟಾರಿನ ಎಂಜಿನ್ನಿಗೂ ಒಂದು ದೊಡ್ಡ ಭೇದವುಂಟು. ಅಚ್ಚಿನ ಬಳಿ ಬೆಂಕಿಯಿಲ್ಲ. ಎಂಜಿನ್ನಿನ ಎಣ್ಣೆಯಾದರೋ ಬೆಂಕಿಯ ಮಗ್ಗುಲಲ್ಲೇ ವಾಸಿಸತಕ್ಕದ್ದು. ಅದು ಘರ್ಷಣೆಯನ್ನು ತಗ್ಗಿಸಬೇಕು, ಶಾಖವನ್ನು ಹೊತ್ತೊಯ್ಯಬೇಕು, ಪಿಸ್ಟನ್ನಿನ ಉಂಗುರಗಳ ಸಂದಿಯನ್ನು ಮುಚ್ಚಬೇಕು, ಮಸಿಯನ್ನು ತೊಳೆದು ತನ್ನಲ್ಲಿ ತೇಲಿಸಿಕೊಳ್ಳಬೇಕು, ಆಮ್ಲಗಳನ್ನು ಕ್ಷಾರದಿಂದ ಶಮನಗೊಳಿಸಬೇಕು. ಇಷ್ಟು ಕೆಲಸಗಳನ್ನು ಕಚ್ಚಾತೈಲದಿಂದ ಬಂದ ಬರಿಯ ಎಣ್ಣೆ ಮಾಡಲಾರದು. ಆದಕಾರಣ ತಯಾರಕರು ಅದರಲ್ಲಿ ಹಲವು ಸಹಾಯಕ ದ್ರವ್ಯಗಳನ್ನು ಕೂಡಿಸುತ್ತಾರೆ: ಸವೆತ ತಡೆಯಲು ಸತು ಮತ್ತು ರಂಜಕದ ಸಂಯುಕ್ತ, ಆಮ್ಲ ಶಮನಕ್ಕೆ ಕ್ಷಾರ ಲವಣಗಳು, ಮಸಿಯ ಕಣಗಳು ಗಂಟುಕಟ್ಟದಂತೆ ಚದುರಿಸುವ ವಸ್ತುಗಳು. ಎಣ್ಣೆ ಹಳತಾಯಿತು ಎಂದರೆ ಜಿಡ್ಡು ಮಾಯವಾಯಿತೆಂದಲ್ಲ. ಬಹುಮಟ್ಟಿಗೆ ಈ ಸಹಾಯಕ ದ್ರವ್ಯಗಳು ವ್ಯಯವಾದುವೆಂದು ಅರ್ಥ.

ಇವು ವ್ಯಯವಾಗುವ ದಾರಿಗಳು ಎರಡು. ಒಂದು, ಹೆಚ್ಚು ಶಾಖ. ಬಿಸಿ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಉತ್ಕರ್ಷಣ ಹೊಂದಿ ದಪ್ಪವಾಗುತ್ತದೆ, ಹುಳಿಯಾಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬುದು ರಸಾಯನಜ್ಞರ ಸ್ಥೂಲ ಲೆಕ್ಕ. ಇದನ್ನು ಯಾರಾದರೂ ಊಹಿಸಬಲ್ಲರು. ಎರಡನೆಯದು ಜನರಿಗೆ ಸುಲಭವಾಗಿ ತೋಚುವುದಿಲ್ಲ: ಅದು ಸಾಲದಷ್ಟು ಶಾಖ.

ಪೆಟ್ರೋಲಿನಲ್ಲಿರುವುದು ಇಂಗಾಲ ಮತ್ತು ಜಲಜನಕ. ಸುಟ್ಟಾಗ ಜಲಜನಕವು ನೀರಾಗುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರು ಪೆಟ್ರೋಲು ಸುಟ್ಟಲ್ಲಿ ಸುಮಾರು ಒಂದು ಲೀಟರು ನೀರೇ ಹುಟ್ಟುತ್ತದೆ! ಬಹುಪಾಲು ಆವಿಯಾಗಿ ಹೊಗೆಕೊಳವೆಯಿಂದ ಹೊರಬೀಳುತ್ತದೆ. ಚಳಿಯ ಮುಂಜಾನೆ ಕಾರಿನ ಹಿಂದೆ ತೊಟ್ಟಿಕ್ಕುವ ನೀರು ಅದೇ. ಆದರೆ ಅಲ್ಪಭಾಗ, ಜೊತೆಗೆ ಅರೆಸುಟ್ಟ ಪೆಟ್ರೋಲು ಹಾಗೂ ಆಮ್ಲಕಾರಕ ಅನಿಲಗಳು, ಪಿಸ್ಟನ್ನಿನ ಉಂಗುರಗಳ ಸಂದಿಯಿಂದ ನುಸುಳಿ ಕೆಳಗಿನ ಎಣ್ಣೆತೊಟ್ಟಿಗೆ, ನಮ್ಮ ಮೆಕ್ಯಾನಿಕರು ಚೇಂಬರು ಎನ್ನುವಲ್ಲಿಗೆ, ಇಳಿಯುತ್ತದೆ. ಗಾಡಿ ದೂರ ಓಡಿ ಎಣ್ಣೆ ಚೆನ್ನಾಗಿ ಕಾದರೆ ಈ ನೀರೂ ಪೆಟ್ರೋಲೂ ಮತ್ತೆ ಆವಿಯಾಗಿ ಹೋಗುತ್ತವೆ. ಎಣ್ಣೆ ಕಾಯದಿದ್ದರೆ ಅಲ್ಲಿಯೇ ಉಳಿಯುತ್ತವೆ. ತೇರಗಾಂವದಿಂದ ಹಳಿಯಾಳಕ್ಕೆ ಕಾಯಿಪಲ್ಲೆ ತರಲು ಹೋಗಿಬಂದ ಕಾರಿನಲ್ಲಿ ಉಷ್ಣತೆಯ ಮುಳ್ಳು ನಡುಮಟ್ಟಕ್ಕೆ ಬಂದಿರುತ್ತದೆ, ನಿಜ. ಆದರೆ ಆ ಮುಳ್ಳು ತೋರಿಸುವುದು ತಂಪುನೀರಿನ ಉಷ್ಣತೆಯನ್ನು, ಎಣ್ಣೆಯದನ್ನಲ್ಲ. ಎಣ್ಣೆ ನೀರಿಗಿಂತ ಬಹಳ ನಿಧಾನವಾಗಿ ಕಾಯುತ್ತದೆ. ಮುಳ್ಳು ಏರಿತೆಂದು ನಾವು ಸಮಾಧಾನಪಡುವ ಹೊತ್ತಿಗೆ ಎಣ್ಣೆ ಇನ್ನೂ ಬೆಚ್ಚಗಾಗುತ್ತಿರುತ್ತದೆ, ಅಷ್ಟರಲ್ಲಿ ಪೇಟೆ ಬಂತು, ಎಂಜಿನ್ನು ನಿಂತಿತು.

ಮಲೆನಾಡಿಗೂ ಬಯಲುಸೀಮೆಗೂ ನಡುವಣ ಈ ಪ್ರದೇಶದಲ್ಲಿ ಮಳೆಗಾಲದ ತಿಂಗಳುಗಳು ಇದಕ್ಕೆ ಇನ್ನಷ್ಟು ಅನುಕೂಲ. ಮಳೆ ಕಳೆದ ಮೇಲೆ ಎಣ್ಣೆ ಸುರಿಯುವ ಬಾಯಿಯ ಮುಚ್ಚಳವನ್ನು ತಿರುಗಿಸಿ ಒಳಬದಿಯನ್ನು ನೋಡಿರಿ. ಕೆನೆಯಂಥ ಬಿಳಿಹಳದಿ ಲೇಪ ಕಂಡರೆ ಅದು ಎಣ್ಣೆಯೂ ನೀರೂ ಕಡೆದು ಆದ ಮಿಶ್ರಣ. ಲೇಪ ಮುಚ್ಚಳದಲ್ಲಿ ಮಾತ್ರ ಇದ್ದರೆ ಗಾಡಿ ಸಾಕಷ್ಟು ದೂರ ಓಡುತ್ತಿಲ್ಲವೆಂದು ತಿಳಿಯಬಹುದು. ಅಳತೆಕಡ್ಡಿಯ ಎಣ್ಣೆಯೇ ಹಾಲುಹಾಲಾಗಿದ್ದರೆ ಅದು ಬೇರೆ ರೋಗ; ತಂಪುನೀರು ಒಳಗೆ ಸೋರುತ್ತಿರಬಹುದು, ಗಾಡಿಯನ್ನು ಓಡಿಸದೆ ಮೆಕ್ಯಾನಿಕನಿಗೆ ತೋರಿಸತಕ್ಕದ್ದು.

ಎಣ್ಣೆಯ ಬಣ್ಣದ ವಿಷಯದಲ್ಲಿಯೂ ಒಂದು ಮಾತು. ಕಡ್ಡಿಯನ್ನು ಹೊರಗೆಳೆದು, ಕಪ್ಪಾದ ಎಣ್ಣೆಯನ್ನು ಬೆರಳಿನಿಂದ ತೀಡಿ, “ನೋಡಿ ಸಾಹೇಬರೇ, ಎಣ್ಣೆ ಸತ್ತುಹೋಗಿದೆ” ಎಂದು ಹೇಳುವ ರೂಢಿ ಎಲ್ಲ ಊರುಗಳಲ್ಲಿಯೂ ಉಂಟು. ಹೇಳುವವನು ವಂಚಕನೆಂದು ನಾವು ಭಾವಿಸಬೇಕಾದುದಿಲ್ಲ. ತನ್ನ ಗುರು ಹೇಳಿದ್ದನ್ನು ಅವನು ಹೇಳುತ್ತಾನೆ. ಆದರೆ ಕಪ್ಪು ಬಣ್ಣ ಸಾವಿನ ಗುರುತಲ್ಲ. ಮಸಿಯನ್ನು ಲೋಹದ ಮೈಯಿಂದ ಬಿಡಿಸಿ ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಎಣ್ಣೆಯ ಕರ್ತವ್ಯವೇ ಆಗಿರುವಾಗ ಅದು ಕಪ್ಪಾಗದೆ ಇನ್ನೇನಾಗಬೇಕು? ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆ ಕೆಲವೇ ಗಂಟೆಗಳಲ್ಲಿ ಕಪ್ಪಾಗುವುದುಂಟು. ಇದಕ್ಕೆ ಪ್ರತಿಯಾಗಿ, ಹೊನ್ನಿನ ಬಣ್ಣದಲ್ಲಿರುವ ಎಣ್ಣೆಯಲ್ಲಿ ಕ್ಷಾರವೆಲ್ಲ ಮುಗಿದಿರಲೂಬಹುದು. ಬಿಸಿಯಾದ ಎಣ್ಣೆಯ ಒಂದು ತೊಟ್ಟನ್ನು ಒತ್ತುಕಾಗದದ ಮೇಲಿಟ್ಟು ಕೆಲವು ಗಂಟೆ ಬಿಟ್ಟು ನೋಡುವ ಹಳೆಯ ಪರೀಕ್ಷೆಯೊಂದಿದೆ. ಕಲೆ ಸಮವಾಗಿ ಹರಡಿದರೆ ಮಸಿಯನ್ನು ಚದುರಿಸುವ ಶಕ್ತಿ ಉಳಿದಿದೆಯೆಂದೂ, ನಡುವೆ ಕಡುಗಪ್ಪು ಬೊಟ್ಟು ನಿಂತು ಸುತ್ತ ಬರಿಯ ಎಣ್ಣೆ ಹರಿದರೆ ಆ ಶಕ್ತಿ ತೀರಿದೆಯೆಂದೂ ಅರ್ಥ. ಬಣ್ಣ ನೋಡಿ ಹೇಳುವುದಕ್ಕಿಂತ ಇದು ಎಷ್ಟೋ ಮೇಲು. ಆಮ್ಲದ ವಿಷಯವನ್ನೂ ಸ್ನಿಗ್ಧತೆಯ ವಿಷಯವನ್ನೂ ಮಾತ್ರ ಇದು ಹೇಳದು.

ಹಾಗಾದರೆ ಆ 5,000 ಎಲ್ಲಿಂದ ಬಂತು? ಹಿಂದೆ ಅದಕ್ಕೆ ಸಕಾರಣವಿತ್ತು. ಅಂಬಾಸಿಡರ್, ಫಿಯಟ್ ಗಾಡಿಗಳು ರಸ್ತೆಯನ್ನಾಳುತ್ತಿದ್ದ ಕಾಲದಲ್ಲಿ ಎಣ್ಣೆ ಇಂದಿನಷ್ಟು ಪರಿಷ್ಕೃತವಾಗಿರಲಿಲ್ಲ. ಕಾರ್ಬ್ಯುರೇಟರು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲನ್ನು ಒಳಗೆ ಬಿಡುತ್ತಿತ್ತು. ಇಂಧನದಲ್ಲಿ ಗಂಧಕ ಬಹಳ. ಗಂಧಕ ಸುಟ್ಟು ನೀರಿನೊಡನೆ ಕೂಡಿದರೆ ಗಂಧಕಾಮ್ಲ. 2000ದ ಸುಮಾರಿಗೆ ಜಾರಿಗೆ ಬಂದ ಮಾನಕದಲ್ಲಿಯೂ ನಮ್ಮ ಡೀಸೆಲಿನ ಹತ್ತು ಲಕ್ಷ ಭಾಗಗಳಲ್ಲಿ 2,500 ಭಾಗದವರೆಗೆ ಗಂಧಕಕ್ಕೆ ಅವಕಾಶವಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಂದ ಭಾರತ್ ಸ್ಟೇಜ್ 6ರ ಇಂಧನದಲ್ಲಿ ಈ ಮಿತಿ ಕೇವಲ 10 ಭಾಗ. ಎಣ್ಣೆಯೊಳಗಿನ ಕ್ಷಾರ ಹೋರಾಡಬೇಕಾಗಿದ್ದ ಶತ್ರುಸೈನ್ಯವೇ ಕರಗಿಹೋಗಿದೆಯೆಂದು ಹೇಳಬಹುದು. ಈಗ ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಕಾರುಗಳ ಕೈಪಿಡಿಗಳು 10,000 ಕಿಲೋಮೀಟರು ಅಥವಾ ಒಂದು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಅದು ಎನ್ನುತ್ತವೆ. ಅಂಗಡಿಯ ಚೀಟಿ ಮಾತ್ರ ಬದಲಾಗಿಲ್ಲ. ಅದರಲ್ಲಿ “ಒಂದು ವರ್ಷ” ಎಂಬ ಮಾತು ಮೊದಲಿಗೂ ಇರಲಿಲ್ಲ, ಈಗಲೂ ಇಲ್ಲ.

ಬೇಗಬೇಗ ಎಣ್ಣೆ ಬದಲಿಸಿದರೆ ಎಂಜಿನ್ನಿಗೆ ಆಯುಸ್ಸು ಹೆಚ್ಚುವುದಿಲ್ಲವೇ ಎಂದು ಧಾರವಾಡದ ದಾರಿಯ ಮಿತ್ರರು ಕೇಳಬಹುದು. ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ 1996ರಲ್ಲಿ ಈ ಕುರಿತು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿತು. ನ್ಯೂಯಾರ್ಕಿನ 75 ಟ್ಯಾಕ್ಸಿಗಳು ತಲಾ 60,000 ಮೈಲಿ ಓಡಿದುವು. ಕೆಲವಕ್ಕೆ 3,000 ಮೈಲಿಗೊಮ್ಮೆ, ಕೆಲವಕ್ಕೆ 6,000 ಮೈಲಿಗೊಮ್ಮೆ ಎಣ್ಣೆ ಬದಲಿಸಲಾಯಿತು. ಕಡೆಗೆ ಎಂಜಿನ್ನುಗಳನ್ನು ಬಿಚ್ಚಿ ಅಳೆದಾಗ ಸವೆತದಲ್ಲಿ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಆ ಪರೀಕ್ಷೆಯ ಮಿತಿಯನ್ನೂ ಹೇಳಬೇಕು: ಟ್ಯಾಕ್ಸಿಯ ಎಂಜಿನ್ನು ತಣ್ಣಗಾಗುವುದೇ ಅಪೂರ್ವ. ಆದುದರಿಂದ ಈ ಸಾಕ್ಷ್ಯ ಧಾರವಾಡಕ್ಕೆ ದಿನವೂ ಹೋಗುವವರಿಗೆ ಸಲ್ಲುತ್ತದೆ, ಪೇಟೆಗೆ ಮಾತ್ರ ಹೋಗುವವರಿಗೆ ಸಲ್ಲದು. ಮೊದಲನೆಯ ಗೃಹಸ್ಥರು ಇದನ್ನು ಓದಿ ಇನ್ನೂ ಒಂದು ಮಳೆಗಾಲ ಮುಂದೂಡಿದರೆ ಅದು ನಮ್ಮ ತಪ್ಪಲ್ಲ.

ಇನ್ನು ಟ್ರ್ಯಾಕ್ಟರು. ಹಳಿಯಾಳ ತಾಲ್ಲೂಕಿನಲ್ಲಿ ಕಾರಿಗಿಂತ ಟ್ರ್ಯಾಕ್ಟರಿನ ಎಣ್ಣೆಯೇ ಮುಖ್ಯ ಪ್ರಶ್ನೆಯೆಂದರೆ ಸುಳ್ಳಾಗದು. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಟ್ರೇಲರುಗಳ ಸಾಲು ನಿಲ್ಲುತ್ತದೆ. ಎಂಜಿನ್ನು ನಡೆಯುತ್ತಿರುತ್ತದೆ, ಚಕ್ರ ತಿರುಗುವುದಿಲ್ಲ. ಇಲ್ಲಿ ಕಿಲೋಮೀಟರು ಲೆಕ್ಕಕ್ಕೆ ಬಾರದೆಂದು ಬಲ್ಲ ತಯಾರಕರು ಗಂಟೆಯ ಮೀಟರು ಕೊಟ್ಟಿದ್ದಾರೆ. ಹಲವು ಟ್ರ್ಯಾಕ್ಟರುಗಳಿಗೆ 250 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕೆಂದು ವಿಧಿಸಿದ್ದಾರೆ. ಒಂದು ಎಚ್ಚರ: ಹಳೆಯ ಯಾಂತ್ರಿಕ ಮೀಟರುಗಳು ಎಂಜಿನ್ನಿನ ಸುತ್ತುಗಳನ್ನು ಎಣಿಸಿ ಗಂಟೆಯನ್ನು ತೋರಿಸುತ್ತವೆ. ಎಂಜಿನ್ನು ನಿಧಾನವಾಗಿ ನಡೆಯುವಾಗ ಗಡಿಯಾರದ ಒಂದು ಗಂಟೆ ಅವಕ್ಕೆ ಒಂದು ಗಂಟೆಯಾಗಿ ಕಾಣುವುದಿಲ್ಲ. ಸಾಲಿನಲ್ಲಿ ರಾತ್ರಿಯೆಲ್ಲ ಎಂಜಿನ್ನು ನಡೆಸಿ ನಿಂತವರು ಅದನ್ನು ಮನಸ್ಸಿನಲ್ಲಿಡಬೇಕು. ಅದಕ್ಕೂ ಮೊದಲು, ಎಂಜಿನ್ನನ್ನು ಆರಿಸಿಡಬಾರದೇಕೆ ಎಂದು ನಾವು ಕೇಳುತ್ತೇವೆ. ಉಳುಮೆಯ ಧೂಳಿನದು ಬೇರೆಯೇ ಕತೆ. ಗಾಳಿಯ ಫಿಲ್ಟರು ಕೆಟ್ಟಿದ್ದರೆ ಸಣ್ಣ ಮರಳು ಎಣ್ಣೆಯೊಡನೆ ಸೇರಿ ಅರೆಯುವ ಕಲ್ಲಾಗುತ್ತದೆ. ಆಗ 250ಕ್ಕೆ ಬದಲು 100 ಗಂಟೆಗೇ ಎಣ್ಣೆ ಬದಲಿಸಿದರೂ ಫಲವಿಲ್ಲ, ಫಿಲ್ಟರನ್ನು ಸರಿಪಡಿಸಬೇಕು.

ಹೀಗೆ ನೋಡಿದಾಗ ನಮ್ಮ ಅಭಿಪ್ರಾಯ ಇಷ್ಟು. ಒಂದೊಂದು ಸಲವೂ ದೂರ ಓಡುವ ಕಾರು ಕೈಪಿಡಿ ಹೇಳಿದ ಕಿಲೋಮೀಟರನ್ನು ಪೂರ್ತಿ ಓಡಲಿ. ವರ್ಷಕ್ಕೆ 24,000 ಕಿಲೋಮೀಟರು ಓಡುವ ಗಾಡಿಗೆ 5,000ಕ್ಕೊಮ್ಮೆ ಎಣ್ಣೆ ಹಾಕಿದರೆ ಐದು ವರ್ಷಗಳಲ್ಲಿ 24 ಸಲ, 10,000ಕ್ಕೊಮ್ಮೆಯಾದರೆ 12 ಸಲ. ಸಲಕ್ಕೆ ಮೂರೂವರೆ ಲೀಟರೆಂದರೆ 42 ಲೀಟರು ಎಣ್ಣೆ ಸುಮ್ಮನೆ ಚರಂಡಿಯ ಪಾಲು. ಹತ್ತಿರದ ಓಡಾಟದ ಕಾರು ಕಿಲೋಮೀಟರನ್ನು ಮರೆತು ಪಂಚಾಂಗವನ್ನು ನೋಡಲಿ: ವರ್ಷಕ್ಕೊಮ್ಮೆ, ಅದೂ ಮಳೆಗಾಲ ಕಳೆದ ಮೇಲೆ. ಮಹಾನವಮಿಯಂದು ಗಾಡಿಯನ್ನು ತೊಳೆದು ಪೂಜಿಸುವುದು ಹೇಗೂ ಉಂಟು. ಆ ವಾರದಲ್ಲೇ ಎಣ್ಣೆಯನ್ನೂ ಬದಲಿಸಿದರೆ ನೆನಪಿಗೆ ಚೀಟಿ ಬೇಡ. ಮಸಿ ಸೋಸುವ ಫಿಲ್ಟರುಳ್ಳ ಹೊಸ ಡೀಸೆಲ್ ಕಾರುಗಳನ್ನು ಹತ್ತಿರದ ಓಡಾಟಕ್ಕೆ ಬಳಸುವವರು ಕಡ್ಡಿಯನ್ನು ಆಗಾಗ ನೋಡಲಿ. ಆ ಫಿಲ್ಟರನ್ನು ಸುಟ್ಟು ಶುದ್ಧಿಮಾಡಲು ಬಿಟ್ಟ ಡೀಸೆಲು ಎಣ್ಣೆಯಲ್ಲಿ ಸೇರಿ ಮಟ್ಟ ಏರುವುದುಂಟು. ಏರಿದ ಎಣ್ಣೆ ಲಾಭವಲ್ಲ, ತೆಳುವಾದ ಎಣ್ಣೆ. ಖಾತರಿಯ ಅವಧಿ ಮುಗಿಯದ ಗಾಡಿಯಲ್ಲಿ ಕೈಪಿಡಿಯ ಮಾತನ್ನು ಮೀರಲಾಗದು. ಕಡೆಯದಾಗಿ, ಹಳೆಯ ಎಣ್ಣೆಯಿಂದ ಕೆಟ್ಟ ಎಂಜಿನ್ನಿಗಿಂತ ಎಣ್ಣೆಯೇ ಸಾಲದೆ ಕೆಟ್ಟ ಎಂಜಿನ್ನನ್ನು ನಾವು ಹೆಚ್ಚಾಗಿ ಕಂಡಿದ್ದೇವೆ. ಬದಲಿಸುವ ದಿನದ ಬಗ್ಗೆ ಜಗಳವಾಡುವವರು ತಿಂಗಳಿಗೊಮ್ಮೆಯೂ ಕಡ್ಡಿ ಎಳೆದು ಮಟ್ಟ ನೋಡುವುದಿಲ್ಲ.

ಊಹೆಯ ಬದಲು ಪರೀಕ್ಷೆ ಸಾಧ್ಯವಿಲ್ಲವೇ? ಸಾಧ್ಯವುಂಟು. ರೈಲ್ವೆಯವರು ತಮ್ಮ ಡೀಸೆಲ್ ಎಂಜಿನ್ನುಗಳ ಎಣ್ಣೆಯನ್ನು ಆಗಾಗ ತೆಗೆದು ರೋಹಿತಮಾಪಕದಿಂದ ಪರೀಕ್ಷಿಸುತ್ತಾರೆ. ಎಣ್ಣೆಯಲ್ಲಿ ತಾಮ್ರ ಹೆಚ್ಚಿದರೆ ಬೇರಿಂಗು ಸವೆಯುತ್ತಿದೆ, ಸಿಲಿಕಾನ್ ಹೆಚ್ಚಿದರೆ ಧೂಳು ಹೊಕ್ಕಿದೆ ಎಂದು ಎಂಜಿನ್ನು ಬಿಚ್ಚದೆಯೇ ತಿಳಿಯುತ್ತದೆ. ಒಂದು ಕಾರಿನ ಮೂರೂವರೆ ಲೀಟರಿಗಾಗಿ ಇಂಥ ಪರೀಕ್ಷೆ ಮಾಡಿಸುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಆದರೆ ಒಂದು ಊರಿನ ಟ್ರ್ಯಾಕ್ಟರುಗಳೆಲ್ಲ ಸೇರಿದರೆ ಲೆಕ್ಕ ಬೇರೆಯಾಗುತ್ತದೆ. ಹಳಿಯಾಳದಲ್ಲೇ ಎಂಜಿನಿಯರಿಂಗ್ ಕಾಲೇಜು ಇದೆ, ಹಳ್ಳಿಗಳಲ್ಲಿ ಸಹಕಾರಿ ಸಂಘಗಳಿವೆ. ಹಂಗಾಮಿಗೆ ಮೊದಲೊಮ್ಮೆ, ಹಂಗಾಮು ಮುಗಿದ ಮೇಲೊಮ್ಮೆ ಸಂಘವು ಸೀಸೆಗಳಲ್ಲಿ ಎಣ್ಣೆ ಕೂಡಿಸಿ ಕೊಟ್ಟು, ವಿದ್ಯಾರ್ಥಿಗಳು ಸ್ನಿಗ್ಧತೆಯನ್ನೂ ನೀರಿನ ಅಂಶವನ್ನೂ ಅಳೆದರೆ ಸಾಕು. ಇವೆರಡಕ್ಕೆ ಬಹು ಬೆಲೆಯ ಉಪಕರಣ ಬೇಡ. ಎರಡು ಮೂರು ವರ್ಷಗಳಲ್ಲಿ ಈ ಮಣ್ಣಿಗೂ ಈ ಮಳೆಗೂ ಈ ಕೆಲಸಕ್ಕೂ ತಕ್ಕ ಗಂಟೆಯ ಲೆಕ್ಕ ಇಲ್ಲಿಯವರ ಕೈಗೇ ಸಿಕ್ಕೀತು.

ಬಸಿದ ಎಣ್ಣೆಯ ಗತಿಯನ್ನು ಹೇಳದೆ ಈ ವಿಷಯ ಮುಗಿಯದು. ಗೆದ್ದಲು ಹಿಡಿಯದಿರಲೆಂದು ಅದನ್ನು ಬೇಲಿಯ ಗೂಟಗಳಿಗೂ ಮನೆಯ ತೊಲೆಗಳಿಗೂ ಬಳಿಯುವುದು, ಉಳಿದುದನ್ನು ಗದ್ದೆಯ ಬದುವಿನಲ್ಲಿ ಚೆಲ್ಲುವುದು ನಮ್ಮ ಕಡೆ ರೂಢಿ. ಸುಟ್ಟ ಎಣ್ಣೆಯಲ್ಲಿ ಲೋಹದ ಕಣಗಳಲ್ಲದೆ, ಅರೆಸುಟ್ಟ ಇಂಧನದಿಂದ ಬಂದ ಕೆಲವು ಕ್ಯಾನ್ಸರುಕಾರಕ ಸಂಯುಕ್ತಗಳೂ ಇರುತ್ತವೆ. ಇಲಿಗಳ ಚರ್ಮಕ್ಕೆ ಪದೇಪದೇ ಹಚ್ಚಿದ ಪ್ರಯೋಗಗಳಲ್ಲಿ ಗಂತಿಗಳು ಹುಟ್ಟಿವೆ. ನಮ್ಮ ದೇಶದ 2016ರ ನಿಯಮಗಳು ಇದನ್ನು ಅಪಾಯಕಾರಿ ತ್ಯಾಜ್ಯಗಳಲ್ಲಿ ಎಣಿಸಿವೆ. 2023ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಬಳಸಿದ ಎಣ್ಣೆಯ ಮರುಬಳಕೆಯ ಹೊಣೆ 2024ರ ಏಪ್ರಿಲಿನಿಂದ ಎಣ್ಣೆ ತಯಾರಕರ ಮೇಲೂ ಬಿದ್ದಿದೆ. ಪುನಃ ಶುದ್ಧಿಮಾಡಿದರೆ ಅದರಿಂದ ಮತ್ತೆ ಒಳ್ಳೆಯ ಮೂಲ ಎಣ್ಣೆ ದೊರೆಯುತ್ತದೆ. ಮನೆಯಲ್ಲೇ ಎಣ್ಣೆ ಬದಲಿಸುವ ರೈತರು ಬಸಿದುದನ್ನು ಹೊಸ ಎಣ್ಣೆ ಬಂದ ಡಬ್ಬಿಗೇ ತುಂಬಿ, ನೀರನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಬೆರಸದೆ, ಮುಚ್ಚಳ ಬಿಗಿದು, ಬಾವಿಯಿಂದ ದೂರವಿಟ್ಟು, ಮುಂದಿನ ಸಲ ಪೇಟೆಗೆ ಹೋಗುವಾಗ ಹಳೆಯ ಎಣ್ಣೆಯನ್ನು ಒಟ್ಟುಗೂಡಿಸಿ ಪುನಃ ಶುದ್ಧಿಗೆ ಕಳಿಸುವ ಅಂಗಡಿಗೆ ಒಪ್ಪಿಸಬೇಕು.