ವಲಸೆ ಅಧಿಕಾರಿಯ ಎದುರಿನಲ್ಲಿ ಹಕ್ಕಿನ ಅರಿವು

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು ಗಡೀಪಾರಾದ 104 ಮಂದಿ ಭಾರತೀಯರನ್ನು ಹೊತ್ತು ಅಮೃತಸರದಲ್ಲಿ ಇಳಿಯಿತು. ಕೈಕಾಲುಗಳಿಗೆ ಬೇಡಿ ತೊಡಿಸಿ ಅವರನ್ನು ಕರೆತಂದ ಸುದ್ದಿ ದೇಶವನ್ನೇ ಕಲಕಿತು. ಸಕ್ರಮ ದಾಖಲೆಗಳೊಂದಿಗೆ ಅಲ್ಲಿ ದುಡಿಯುತ್ತಿರುವ ಕನ್ನಡಿಗರಲ್ಲಿಯೂ, ಇಲ್ಲಿರುವ ಅವರ ತಂದೆತಾಯಿಗಳಲ್ಲಿಯೂ ಅಂದಿನಿಂದ ಅಳುಕು ನೆಲೆಸಿರುವುದನ್ನು ನಾವು ಕಾಣುತ್ತಿದ್ದೇವೆ. ‘ಪರದೇಶದಲ್ಲಿ ನಮಗೆಂಥ ಹಕ್ಕು?’ ಎಂಬ ಭಾವನೆಯೇ ಆ ಅಳುಕಿನ ಬೇರು. ಅದು ತಪ್ಪು ತಿಳಿವಳಿಕೆ.

ಅಮೆರಿಕದ ಸಂವಿಧಾನದ 5ನೆಯ ಮತ್ತು 14ನೆಯ ತಿದ್ದುಪಡಿಗಳು ರಕ್ಷಣೆ ನೀಡುವಾಗ ‘ವ್ಯಕ್ತಿ’ ಎಂಬ ಪದವನ್ನು ಬಳಸುತ್ತವೆ. 1886ರಲ್ಲಿ, ಬಟ್ಟೆ ಒಗೆಯುವ ಅಂಗಡಿ ನಡೆಸುತ್ತಿದ್ದ ಚೀನೀ ವಲಸಿಗನೊಬ್ಬನ ಮೊಕದ್ದಮೆಯಲ್ಲಿ, 14ನೆಯ ತಿದ್ದುಪಡಿಯ ರಕ್ಷಣೆ ನಾಗರಿಕರಿಗಷ್ಟೇ ಸೀಮಿತವಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೆ ಹಕ್ಕು ತಾನಾಗಿ ಕಾಯುವುದಿಲ್ಲ. ಅದನ್ನು ಬಲ್ಲವರು ಬಾಯಿಬಿಟ್ಟು ಕೇಳಬೇಕಾಗುತ್ತದೆ.

ಮನೆಯ ಬಾಗಿಲಿಗೆ ಅಧಿಕಾರಿ ಬಂದಾಗ ಮೊದಲು ನೋಡಬೇಕಾದದ್ದು ವಾರಂಟಿನ ಸಹಿಯನ್ನು. ನ್ಯಾಯಾಲಯದ ನ್ಯಾಯಾಧೀಶರ ಸಹಿಯುಳ್ಳ ವಾರಂಟ್ ಬೇರೆ, ವಲಸೆ ಇಲಾಖೆಯ ಅಧಿಕಾರಿಯೇ ಸಹಿ ಮಾಡಿದ ವಾರಂಟ್ ಬೇರೆ. ಮನೆಯವರ ಒಪ್ಪಿಗೆಯಿಲ್ಲದೆ ಒಳಬರಲು ಎರಡನೆಯದು ಸಾಲದೆಂಬುದು 4ನೆಯ ತಿದ್ದುಪಡಿಗೆ ಬಹುಕಾಲದಿಂದ ನಡೆದುಬಂದ ಅರ್ಥ. ಬಾಗಿಲು ತೆರೆಯದೆಯೇ ಕಾಗದವನ್ನು ಕಿಟಕಿಯಲ್ಲಿ ತೋರಿಸಲು ಕೇಳಬಹುದು. ಬಲವಂತವಾಗಿ ಒಳನುಗ್ಗಿದರೆ ಅಡ್ಡ ನಿಲ್ಲಬಾರದು. ‘ನನ್ನ ಒಪ್ಪಿಗೆಯಿಲ್ಲ’ ಎಂದು ಸ್ಪಷ್ಟವಾಗಿ ಹೇಳಬೇಕು. ಮುಂದೆ ನ್ಯಾಯಾಲಯದಲ್ಲಿ ಆ ಮಾತಿಗೆ ಬೆಲೆಯುಂಟು.

ಬೀದಿಯಲ್ಲಿ ತಡೆದಾಗ ‘ನಾನು ಹೋಗಬಹುದೇ?’ ಎಂದು ವಿನಯದಿಂದ ಕೇಳಬಹುದು. ಪ್ರಶ್ನೆಗಳಿಗೆ ಉತ್ತರಿಸದೆ ಮೌನವಾಗಿರಲೂಬಹುದು. ಆದರೆ 18 ವರ್ಷ ತುಂಬಿದ ವಿದೇಶೀಯರು ಗ್ರೀನ್ ಕಾರ್ಡ್ ಅಥವಾ ಐ-94ರಂಥ ನೋಂದಣಿ ದಾಖಲೆಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕೆಂಬುದು ಅಲ್ಲಿನ ಕಾನೂನು. ಮೌನ ಹಕ್ಕಾದರೂ ಸುಳ್ಳು ಹೇಳುವುದು, ನಕಲಿ ದಾಖಲೆ ತೋರಿಸುವುದು ಅಪರಾಧ. ಬಂಧನವಾದರೆ ವಕೀಲರನ್ನು ಕೇಳಬಹುದು. ವಲಸೆ ಪ್ರಕರಣದಲ್ಲಿ ಅದರ ಖರ್ಚನ್ನು ಸರ್ಕಾರ ಭರಿಸುವುದಿಲ್ಲ. 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯಂತೆ ಭಾರತೀಯ ದೂತಾವಾಸಕ್ಕೆ ತಿಳಿಸುವಂತೆಯೂ ಕೋರಬಹುದು.

ವಿಮಾನನಿಲ್ದಾಣದ ಸ್ಥಿತಿ ಬೇರೆ. ಅಲ್ಲಿ ಹಕ್ಕುಗಳ ವ್ಯಾಪ್ತಿ ಕಿರಿದು. ಚೀಲ, ಮೊಬೈಲುಗಳನ್ನು ವಾರಂಟ್ ಇಲ್ಲದೆಯೇ ಪರಿಶೀಲಿಸುತ್ತಾರೆ; ವೀಸಾ ಇದ್ದಮಾತ್ರಕ್ಕೆ ಪ್ರವೇಶ ಖಚಿತವಲ್ಲ. ಮಗಳ ಬಾಣಂತನಕ್ಕೆಂದು ಹೊರಡುವ ತಾಯಂದಿರು ಬಂದ ಉದ್ದೇಶವನ್ನೂ ಉಳಿಯುವ ಅವಧಿಯನ್ನೂ ಇದ್ದುದಿದ್ದಂತೆ ಹೇಳಲಿ. ಪ್ರಶ್ನೆ ಅರ್ಥವಾಗದಿದ್ದರೆ ಸುಮ್ಮನೆ ತಲೆಯಾಡಿಸದೆ ಕನ್ನಡ ಬಲ್ಲ ದುಭಾಷಿಯನ್ನು ಕೇಳಲಿ. ಗ್ರೀನ್ ಕಾರ್ಡ್ ಪಡೆದು, ದೀರ್ಘಕಾಲ ತಾಯ್ನಾಡಿನಲ್ಲಿದ್ದು ಮರಳುವ ಹಿರಿಯರು ಇನ್ನೂ ಎಚ್ಚರವಾಗಿರಬೇಕು. ನಿವಾಸದ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಐ-407 ನಮೂನೆಯನ್ನು ಅವರ ಮುಂದಿಡುವುದುಂಟು. ಸಹಿ ಕಡ್ಡಾಯವಲ್ಲ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೋರುವ ಹಕ್ಕು ಅವರಿಗಿದೆ. ಗಾಬರಿಯಲ್ಲಿ ಹಾಕಿದ ಒಂದು ಸಹಿಯಿಂದ ಮಕ್ಕಳು ಮೊಮ್ಮಕ್ಕಳ ಮನೆ ದೂರವಾದೀತು.

ಆದುದರಿಂದ ಪರದೇಶದಲ್ಲಿರುವ ಸದ್ಭಕ್ತರಲ್ಲಿ ನಮ್ಮ ಕಳಕಳಿಯ ವಿನಂತಿಯಿಷ್ಟೆ: ತಂದೆತಾಯಿಗಳಿಗೆ ಟಿಕೆಟ್ ಕಳುಹಿಸುವ ಮೊದಲೇ ಈ ವಿಷಯಗಳನ್ನು ಕನ್ನಡದಲ್ಲಿ ತಿಳಿಸಿಹೇಳಿರಿ. ನಂಬಿಕಸ್ಥ ವಲಸೆ ವಕೀಲರ ದೂರವಾಣಿ ಸಂಖ್ಯೆಯನ್ನು ಮೊಬೈಲಿನಲ್ಲಷ್ಟೇ ಅಲ್ಲ, ಕಾಗದದಲ್ಲಿಯೂ ಬರೆದು ಅವರ ಕೈಗೆ ಕೊಡಿರಿ.